ಹದಿನಾರರ ಬಿಜಾಗರಿ

ಘಂಟಿಕೇರಿಯ ಕುಬಸದ ಟೀಚರು ಮೊದಲೇ ಹೇಳಿದ್ದರು:
ಬಾಗಲಾ ಚೌಕಟ್ಟಿನ ಮ್ಯಾಲೆ ಕೂಡಬಾರದು,
ಒಳಗ ಕೂಡಬೇಕು, ಅಂಗೈ ಸವರಿದರ
ಎಲ್ಲೂ ಅಂಚು ತಾಕಬಾರದು.
ಎರಡನೇದು, ತೆರೆದದ್ದು ತಾನಾಗೇ ಮುಚ್ಚಿಕೋಬೇಕು.
ಹುಬ್ಬಿನ ಮ್ಯಾಲಿನ ಗಾಯದ ಗೆರಿ ಮುಟ್ಟಿ ತೋರಿಸಿದರು.
"ಹಳೇ ಕಪಾಟು ಬರೆದದ್ದು ಇದು.
ಅರ್ಧಾ ತೆರೆದ ಬಾಗಲಾ ಅಂದ್ರ ನನಗ ಕೊಡ್ಲಿ, ಮೋನಪ್ಪ."

ಇಪ್ಪತ್ತೆಂಟು ವರ್ಷ ನಾ ಹಿತ್ತಾಳಿ ಬಿಜಾಗರಿ ಬಡಿದಾಂವ.
ಅದು ಹೊರಗ ಕಾಣತದ, ಕಿರಗುಟ್ಟತದ,
ಎಣ್ಣಿ ಬೇಡತದ, ನಾ ಇದ್ದೀನಿ ಅಂತದ.
ಇದು ಮರೀ ಜಾತಿ.
ಬಾಗಲಾ ಮುಚ್ಚಿದರ ಇಲ್ಲೇ ಇಲ್ಲ.

ಅಂಗಡಿಯಾಂವ ಜೀರೋ ಕೊಟ್ಟು ಕಳಿಸಿದ್ದ.
ಜೀರೋದ ತೋಳು ನೆಟ್ಟಗ, ಎಂಟರದು ತುಸು ಬಾಗಿದ್ದು,
ಒಳಗ ಕೂಡೋ ಬಾಗಲಕ್ಕ ಹದಿನಾರು ಬೇಕು,
ಬೆನ್ನು ಪೂರಾ ಬಗ್ಗಿಸಿದ್ದು.
ಇಮ್ತಿಯಾಜನ್ನ ಸೈಕಲ್ ಮ್ಯಾಲೆ ವಾಪಸ್ ಅಟ್ಟಿದೆ.
ಅಂವ ಬರೂದ್ರೊಳಗ ಎರಡು ಚಾ ಆದವು.

ಮೂವತ್ತೈದರ ಬಿಟ್ಟು, ಹದಿನೆಂಟರ ಪ್ಲೈವುಡ್,
ಹನ್ನೆರಡು ಇಳಿಸಿ ನಿಲ್ಲಬೇಕು.
ಹದಿನಾರಾತಂದ್ರ ಆ ಕಡೆ ಮೈಕಾ ಗುಳ್ಳಿ ಏಳತದ.
ಬಿಟ್ಟಿಗೆ ಬಿಳೀ ಟೇಪ್ ಸುತ್ತಿ ಗುರುತು ಮಾಡಿದ್ದೆ.
ಟೀಚರು ಕುರ್ಚಿ ಮ್ಯಾಲೆ ಕೂತು ದನಿ ಕೇಳತಿದ್ದರು.
"ಈಗ ಬದಲಾತು," ಅಂದರು.
ಬಗ್ಗಿ ನೋಡಿದೆ. ಟೇಪ್ ಆಗಲೇ ಕಟ್ಟಿಗಿ ಮುಟ್ಟಿತ್ತು.

ಮುಂದಿನ ತಪ್ಪು ನಂದ.
ಪ್ಲೇಟ್ ಕೂಡಸುವಾಗ ಅಂಚಿನಿಂದ ಮೂವತ್ತೇಳು ಅಳೆದೆ,
ಬಾಗಲದ ದಪ್ಪ ಹದಿನೆಂಟು ಕೂಡಸೂದು ಮರೆತೆ.
ಎರಡೂ ಬಾಗಲಾ ಮುಂದ ಚಾಚಿ ನಿಂತವು
ಸಿಟಿ ಬಸ್ಸಿಗೆ ಜೋತುಬಿದ್ದ ಕಾಲೇಜ್ ಹುಡುಗರಂಗ.
ಇಮ್ತಿಯಾಜ ಕಿಸಕ್ಕಂದ.
ಎಂಟು ತೂತಿಗೆ ಬೆಂಕಿಕಡ್ಡಿ ಮುರಿದು ಫೆವಿಕಾಲ್ ತುಂಬಿದೆ,
ಐವತ್ತೈದಕ್ಕ ಹೊಸಾ ಗೆರಿ ಕೊರೆದೆ.
ಯಾರಿಗೂ ಕಾಣೂದಿಲ್ಲ ಅದು.
ಆದರೂ ಟೀಚರಿಗೆ ಹೇಳಿದೆ.

ಆಮ್ಯಾಲೆ ಸ್ಕ್ರೂಗಳು.
ಮುಂದಿನದು ಎಡಕ್ಕ ಬಲಕ್ಕ, ಹಿಂದಿನದು ಒಳಗ ಹೊರಗ,
ಪ್ಲೇಟಿನವು ಮ್ಯಾಲ ಕೆಳಗ.
ಹೇಳಲಿಕ್ಕೆ ಇಷ್ಟ.
ಮ್ಯಾಲಿನದು ಅರ್ಧ ಸುತ್ತು ತಿರುವಿದರ
ಕೆಳಗಿನ ಮೂಲಿ ಮುನಿಸಿಕೊಂಡು ಎದ್ದು ಹೋಗತದ,
ಅದನ್ನ ರಮಿಸಿ ಕರಕೊಂಡು ಬರೂದ್ರೊಳಗ
ನಡುವಿನ ಸಂದಿ ತುಟಿ ಬಿಚ್ಚತದ.
ಕರ್ಣ ಅಳೆದು ನೋಡಿದೆ, ಮೂರು ಹೆಚ್ಚು.
ಚೌಕಟ್ಟ ಸೊಟ್ಟ. ಗ್ವಾಡಿ ಸೊಟ್ಟ ಅದಕ್ಕ.
ಗ್ವಾಡಿ ಕಟ್ಟಿದಾಂವ ಯಾವಾಗೋ ತೀರಿಕೊಂಡಾನ,
ಬೈದರ ಯಾರಿಗೆ ಬೈಯೂದು?

ಒಂದು ತಾಸಿನ ಮ್ಯಾಲೆ ಸುತ್ತಲೂ ಎರಡೆರಡು ಮಿಲಿ ಅನಸಿತು.
ಹಿಂದ ಸರದು, ಒಂದು ಕಣ್ಣು ಮುಚ್ಚಿ ನಿಂತೆ. ಸರಳ ಗೆರಿ.
"ನೋಡ್ರಿ ಟೀಚರ್," ಅಂದೆ,
ಅಂದು ನಾಲಿಗಿ ಕಚ್ಚಿಕೊಂಡೆ.
"ನೋಡತೀನಿ ತಡಿ," ಅಂತ ಎದ್ದು ಬಂದರು.

ಹೆಬ್ಬೆರಳ ಉಗುರು ಸಂದಿಯೊಳಗ ಇಟ್ಟು
ಮ್ಯಾಲಿಂದ ಕೆಳಗ ಎಳೆದರು,
ಸಾಲು ಬಿಡದ ಓದೋರಂಗ.
ನೆಲದಿಂದ ಮೊಳದಷ್ಟು ಮ್ಯಾಲೆ ಉಗುರು ನಿಂತಿತು.
"ಇಲ್ಲಿ ಗಾಳಿ ದಪ್ಪ ಐತಿ, ಮೋನಪ್ಪ."

ಅಳೆದೆ. ಎರಡೂವರಿ.

ಕಾಲು ಸುತ್ತು ತಿರುವಿದೆ. "ಇನ್ನೂ."
ಮತ್ತೊಂದು ಕೂದಲ. "ಇನ್ನೂ."
ಸ್ಕ್ರೂ ತಿರುಗಿತೋ ನನ್ನ ಮಣಿಕಟ್ಟು ತಿರುಗಿತೋ
ನನಗ ತಿಳೀಲಿಲ್ಲ.
"ಹಾಂ."

ಬಾಗಲಾ ಅರ್ಧಾ ತೆರೆದು ಕೈ ಬಿಟ್ಟರು.
ಅದು ಒಂದು ಗಳಿಗಿ ಯೋಚನಿ ಮಾಡಿ, ಹಿಂದ ಸರದು,
ಟಪ್ ಅನ್ನದ ಮುಚ್ಚಿಕೊಂತು.
ಮತ್ತ ತೆರೆದರು. ಮತ್ತ ಬಿಟ್ಟರು.
ಹನ್ನೊಂದು ಸಲ, ಇಮ್ತಿಯಾಜ ಎಣಿಸಿದ.

"ಬಿಜಾಗರಿ ಎಲ್ಲೆತಿ?" ಹೊರಗೆಲ್ಲಾ ಸವರಿದರು, ಸಿಗಲಿಲ್ಲ.
ತೆರೆದು, ಬೆರಳು ಹಿಡಿದು, ಒಂದೊಂದ ಸ್ಕ್ರೂ ಮುಟ್ಟಿಸಿದೆ.
ಎಡ ಬಲ, ಒಳಗ ಹೊರಗ, ಮ್ಯಾಲ ಕೆಳಗ.
"ಆರು ತಿಂಗಳಿಗೆ ಸಡಲಾಗತಾವ್ರಿ. ಒಂದು ಫೋನ್ ಹಚ್ರಿ, ಬರತೀನಿ."
"ನೀ ಬರೂದು ಬ್ಯಾಡ. ಸ್ಕ್ರೂಡ್ರೈವರ್ ಇಟ್ಟು ಹೋಗು."

ಚೀಲ ಮುಂದಿಟ್ಟೆ. ನಾಕು ಇದ್ದವು.
ಒಂದೊಂದ ಎತ್ತಿ ತೂಗಿ, ಮೊನಿ ಸವರಿ,
ಒಂದು ಆರಿಸಿಕೊಂಡರು.

ನನ್ನ ಒಳ್ಳೇದು ಅದ ಒಂದ ಇತ್ತು.